ಮೆಣಸಿನ ಗಿಡದ ಬೇರುರೋಗವೂ ಮೃತ್ಸಂಸ್ಕಾರವೂ

೧. ಪೀಠಿಕೆ

ಕನ್ನಡ ನಾಡಿನಲ್ಲಿ ಮೆಣಸಿನಕಾಯಿಯನ್ನು ಬಳಸದ ಮನೆ ವಿರಳ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಈ ಕಾಯಿಯ ಮೂಲಕವೇ ದೇಶಾಂತರಗಳಿಗೂ ತಿಳಿದಿದೆ. ಈ ಬೆಳೆಯನ್ನು ಕೆಡಿಸುವ ವ್ಯಾಧಿಗಳು ಹಲವು. ಅವುಗಳಲ್ಲಿ ಎಲೆಗೂ ಕಾಯಿಗೂ ತಗಲುವ ರೋಗಗಳು ಬೇಗನೆ ಕಣ್ಣಿಗೆ ಬೀಳುವುವು. ಬೇರಿನ ರೋಗವಾದರೋ ಮಣ್ಣಿನೊಳಗೆ ಅಡಗಿಕೊಂಡು ಬೆಳೆಯುವುದು. ಬೆಳಗ್ಗೆ ಹಸುರಾಗಿ ನಿಂತಿದ್ದ ಗಿಡವು ಬಿಸಿಲೇರಿದಾಗ ಜೋತುಬಿದ್ದು, ಸಂಜೆಗೆ ಚೇತರಿಸಿಕೊಂಡಂತೆ ತೋರಿ, ಕೆಲವು ದಿನಗಳಲ್ಲಿ ಒಣಗಿಹೋಗುವುದು. ಆಗ ಕಿತ್ತು ನೋಡಿದರೆ ಬೇರು ಕಂದಿ, ಸಿಪ್ಪೆಯು ಕೈಗೆ ಸುಲಿದು ಬರುವುದು. ಆ ಹಂತದಲ್ಲಿ ಮಾಡುವ ಚಿಕಿತ್ಸೆಯು ಬಹುಮಟ್ಟಿಗೆ ನಿಷ್ಫಲ. ಆದುದರಿಂದ ಗಿಡವನ್ನು ನೆಡುವುದಕ್ಕೆ ಮೊದಲೇ ನೆಲವನ್ನು ಸಿದ್ಧಪಡಿಸುವುದು ಈ ರೋಗಕ್ಕೆ ತಕ್ಕ ಉಪಾಯವೆಂದು ಬಲ್ಲವರು ಹೇಳುವರು. ಕೊಟ್ಟಿಗೆಯ ಗೊಬ್ಬರ, ಹಸುರೆಲೆ, ಬೇವಿನ ಹಿಂಡಿ ಮೊದಲಾದ ಜೀವಜನ್ಯ ದ್ರವ್ಯಗಳನ್ನು ಮಣ್ಣಿಗೆ ಸೇರಿಸಿ ಅದರ ಗುಣವನ್ನು ತಿದ್ದುವ ಈ ಕರ್ಮವನ್ನು ಮೃತ್ಸಂಸ್ಕಾರವೆಂದು ಕರೆಯಬಹುದು.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುವುವು. ನಮ್ಮ ಪೂರ್ವಿಕರ ವೃಕ್ಷಾಯುರ್ವೇದದಲ್ಲಿ ಇದೆಲ್ಲವೂ ಹೇಳಲ್ಪಟ್ಟಿದೆ, ಹೊಸದಾಗಿ ಕಲಿಯತಕ್ಕದ್ದು ಏನೂ ಇಲ್ಲ ಎಂಬುದು ಒಂದು ಪಕ್ಷ. ಹಳೆಯ ಗ್ರಂಥಗಳಲ್ಲಿರುವುದು ಬರಿಯ ನಂಬಿಕೆ, ಮಣ್ಣಿನ ರೋಗಗಳ ಜ್ಞಾನವು ಕೇವಲ ಆಧುನಿಕವಾದುದು ಎಂಬುದು ಇನ್ನೊಂದು. ಗ್ರಂಥಗಳನ್ನೂ ಪ್ರಯೋಗಗಳ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇವೆರಡೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಇದು ಪಂಡಿತರ ವಾದಕ್ಕೆ ಮಾತ್ರ ಸೇರಿದ ವಿಷಯವಲ್ಲ. ತಪ್ಪಾಗಿ ತಿಳಿದ ಒಂದು ವಚನವನ್ನು ನಂಬಿ ಒಕ್ಕಲಿಗನು ಹೊಲಕ್ಕೆ ಸುರಿದ ದ್ರವ್ಯವು ರೋಗವನ್ನು ಹೆಚ್ಚಿಸಿದರೆ, ನಷ್ಟವನ್ನು ಹೊರುವವನು ಅವನೇ ಹೊರತು ವಚನವನ್ನು ಹೇಳಿದವನಲ್ಲ.

೨. ಹೆಸರಿನ ವಿಚಾರ

ಮೊದಲು ಹೆಸರಿನಿಂದ ಉಂಟಾಗುವ ಭ್ರಾಂತಿಯನ್ನು ಕಳೆಯಬೇಕು. ಸಂಸ್ಕೃತದ ಮರೀಚವೂ ಹಳೆಯ ಕನ್ನಡದ ಮೆಣಸೂ ಪಶ್ಚಿಮ ಘಟ್ಟದ ಬಳ್ಳಿಯಲ್ಲಿ ಬಿಡುವ ಕರಿಯ ಕಾಳಿಗೆ ಸಂದ ಹೆಸರುಗಳು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯು ಪ್ರಸಿದ್ಧಳಾದುದು ಈ ಕಾಳಿನ ವ್ಯಾಪಾರದಿಂದ. ಈಗ ಮೆಣಸಿನಕಾಯಿಯೆನ್ನುವ ಗಿಡದ ತವರು ಅಮೆರಿಕ ಖಂಡ. ೧೪೯೨ರಲ್ಲಿ ಕೊಲಂಬಸನು ಆ ಖಂಡದ ದ್ವೀಪಗಳನ್ನು ಮುಟ್ಟಿದ ತರುವಾಯ ಅದು ಯೂರೋಪಿಗೆ ಹೋಯಿತು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ನೌಕಾಮಾರ್ಗದ ಮೂಲಕ ಹದಿನಾರನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದಿತು. ೧೭೫೩ರಲ್ಲಿ ಲಿನೇಯಸನು ಅದಕ್ಕೆ ಕ್ಯಾಪ್ಸಿಕಂ ಆನ್ಯುಅಂ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು.

ಹೊಸ ವಸ್ತು ಬಂದಾಗ ಜನರು ತಮಗೆ ಪರಿಚಿತವಾದ ಹೆಸರನ್ನೇ ಅದಕ್ಕೆ ಹೊದಿಸುವುದು ಲೋಕರೂಢಿ. ಖಾರದ ಸಾಮ್ಯದಿಂದ ಮೆಣಸು ಎಂಬ ಶಬ್ದವು ಹೊಸ ಕಾಯಿಗೆ ಅಂಟಿಕೊಂಡು ಮೆಣಸಿನಕಾಯಿಯಾಯಿತು. ತಮಿಳಿನಲ್ಲಿ ಮಿಳಗು ಎಂಬುದರಿಂದ ಮಿಳಗಾಯ್ ಎಂದೂ, ಹಿಂದಿಯಲ್ಲಿ ಮರೀಚದಿಂದ ಹುಟ್ಟಿದ ಮಿರ್ಚ್ ಎಂದೂ ಆದುದು ಇದೇ ರೀತಿಯಲ್ಲಿ. ಬಂದ ಅತಿಥಿಯು ಮನೆಯ ಹೆಸರನ್ನು ತಾನೇ ತೆಗೆದುಕೊಂಡುದರಿಂದ, ಮನೆಯವನಾದ ಹಳೆಯ ಮೆಣಸು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳನ್ನು ಧರಿಸಬೇಕಾಯಿತು. ಆದುದರಿಂದ ಹದಿನಾರನೆಯ ಶತಮಾನಕ್ಕೆ ಹಿಂದಿನ ಗ್ರಂಥದಲ್ಲಿ ಮರೀಚವೆಂದೋ ಮೆಣಸೆಂದೋ ಕಂಡಾಗ ಅದನ್ನು ಮೆಣಸಿನಕಾಯಿಯೆಂದು ಅರ್ಥಮಾಡುವುದು ಕಾಲವಿರುದ್ಧ. ಮೆಣಸಿನ ಗಿಡದ ಬೇರುರೋಗಕ್ಕೆ ಪ್ರಾಚೀನ ವೃಕ್ಷಾಯುರ್ವೇದದಲ್ಲಿ ಪ್ರತ್ಯೇಕ ಚಿಕಿತ್ಸೆಯಿದೆ ಎನ್ನುವ ಮಾತು ಇಷ್ಟರಿಂದಲೇ ಬಿದ್ದುಹೋಗುವುದು. ಉಳಿಯುವ ಪ್ರಶ್ನೆ ಬೇರೆ: ಯಾವ ಗಿಡವಾದರೂ ಸರಿಯೆ, ಅದರ ಬೇರನ್ನು ಕಾಯಲು ಮಣ್ಣನ್ನು ತಿದ್ದಬೇಕೆಂಬ ಭಾವನೆಯು ಆ ಗ್ರಂಥಗಳಲ್ಲಿ ಉಂಟೆ?

೩. ಪ್ರಾಚೀನ ಗ್ರಂಥಗಳಲ್ಲಿ ಮಣ್ಣಿನ ಸಂಸ್ಕಾರ

ಉಂಟು ಎಂಬುದಕ್ಕೆ ಸಾಕಷ್ಟು ಪ್ರಮಾಣಗಳಿವೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀತಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಅಲ್ಲಿ ಗೆಡ್ಡೆಗಳಿಗೂ ಬೀಜಗಳಿಗೂ ಬೇರೆ ಬೇರೆ ಸಂಸ್ಕಾರಗಳನ್ನು ಹೇಳಿದ ಮೇಲೆ, ಮರಗಳಿಗೆ ಗುಂಡಿಯನ್ನು ಸುಡುವುದನ್ನೂ ಎಲುಬು ಮತ್ತು ಸಗಣಿಯಿಂದ ಸಕಾಲದಲ್ಲಿ ದೌಹೃದವನ್ನು ಮಾಡುವುದನ್ನೂ ವಿಧಿಸಿದೆ. ದೌಹೃದವೆಂದರೆ ಬಸುರಿಯ ಬಯಕೆ. ಆ ಬಯಕೆಯನ್ನು ಸಲಿಸುವಂತೆ ಗಿಡಕ್ಕೆ ಬೇಕಾದುದನ್ನು ಕೊಡುವ ಉಪಚಾರಕ್ಕೂ ಅದೇ ಹೆಸರು ಬಂದಿದೆ. ಇಲ್ಲಿ ನೆಲಕ್ಕೆ ಕಾವು ಕೊಡುವುದು, ಪ್ರಾಣಿಜನ್ಯ ದ್ರವ್ಯವನ್ನು ಸೇರಿಸುವುದು ಎಂಬ ಎರಡು ಕ್ರಿಯೆಗಳು ಒಂದೆಡೆ ಬಂದಿರುವುದನ್ನು ಗಮನಿಸಬೇಕು.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯವು ಇನ್ನೂ ಸ್ಪಷ್ಟವಾದುದು. ಎಲ್ಲ ಮರಗಳಿಗೂ ಮೆತುವಾದ ನೆಲವು ಹಿತವೆಂದೂ, ಅದರಲ್ಲಿ ಮೊದಲು ಎಳ್ಳನ್ನು ಬಿತ್ತಿ ಅದು ಹೂವಾದಾಗ ಅಲ್ಲಿಯೇ ತುಳಿದು ನೆಲಕ್ಕೆ ಸೇರಿಸಬೇಕೆಂದೂ, ನೆಲಕ್ಕೆ ಮಾಡತಕ್ಕ ಮೊದಲ ಕರ್ಮವು ಇದೆಂದೂ ಆತನು ಹೇಳುವನು. ಈಗ ಅಪ್ಸೆಣಬನ್ನು ಹೂವಾಗುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುವ ಒಕ್ಕಲಿಗನ ಕ್ರಮವು ಇದರಿಂದ ದೂರವಾದುದಲ್ಲ. ಅದೇ ಅಧ್ಯಾಯದಲ್ಲಿ ಮರವು ಫಲಿಸುವುದಕ್ಕಾಗಿ ಆಡು ಕುರಿಗಳ ಹಿಕ್ಕೆಯ ಪುಡಿ ಎರಡು ಆಢಕ, ಎಳ್ಳು ಒಂದು ಆಢಕ, ಹಿಟ್ಟು ಒಂದು ಪ್ರಸ್ಥ, ನೀರು ಒಂದು ದ್ರೋಣ, ಮಾಂಸ ಒಂದು ತುಲೆ ಇವುಗಳನ್ನು ಏಳು ರಾತ್ರಿ ಕೊಳೆಯಿಟ್ಟು ಬುಡಕ್ಕೆ ಹೊಯ್ಯುವ ವಿಧಾನವಿದೆ. ಸುರಪಾಲನ ವೃಕ್ಷಾಯುರ್ವೇದದಲ್ಲಿಯೂ, ೧೩೬೩ರ ಶಾರ್ಙ್ಗಧರಪದ್ಧತಿಯ ಉಪವನವಿನೋದದಲ್ಲಿಯೂ ಕುಣಪಜಲವೆಂದು ಕಾಣುವ ದ್ರವಗೊಬ್ಬರವು ಈ ಜಾತಿಗೇ ಸೇರಿದುದು. ಕನ್ನಡದಲ್ಲಿ ಕಲ್ಯಾಣದ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ೧೦೨೫ರ ಸುಮಾರಿನಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಈ ಶಾಸ್ತ್ರವು ಸಂಸ್ಕೃತಜ್ಞರ ವಲಯವನ್ನು ದಾಟಿ ದೇಶಭಾಷೆಗೆ ಇಳಿದು ಬಂದಿತ್ತೆಂಬುದಕ್ಕೆ ಇದು ಸಾಕ್ಷಿ.

ಇನ್ನು ಈ ಗ್ರಂಥಗಳ ಮಿತಿಯನ್ನೂ ಹೇಳಬೇಕು. ವರಾಹಮಿಹಿರನು ಮರಗಳ ರೋಗಕ್ಕೆ ಶೀತ, ವಾತ, ಆತಪಗಳನ್ನು ಕಾರಣವೆನ್ನುವನು. ಸುರಪಾಲನು ವಾತ, ಪಿತ್ತ, ಕಫಗಳನ್ನು ಹೇಳುವನು. ಬರಿಗಣ್ಣಿಗೆ ಕಾಣದ ಜೀವಿಯೊಂದು ಮಣ್ಣಿನಲ್ಲಿದ್ದು ಬೇರನ್ನು ತಿನ್ನುವುದೆಂಬ ಕಲ್ಪನೆಯು ಅವರಲ್ಲಿ ಇಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅದು ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಅವರ ಸಂಸ್ಕಾರಗಳ ಉದ್ದೇಶವು ಮುಖ್ಯವಾಗಿ ಪುಷ್ಟಿ ಮತ್ತು ಫಲಸಮೃದ್ಧಿ. ರೋಗನಿವಾರಣೆಗೆ ಅವರು ಹೇಳಿದುದು ಕೆಟ್ಟ ಭಾಗವನ್ನು ಶಸ್ತ್ರದಿಂದ ತೆಗೆದು, ವಾಯುವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ಹಾಕಿ, ಹಾಲು ಬೆರಸಿದ ನೀರನ್ನು ಎರೆಯುವ ಕ್ರಮವನ್ನು. ಪುಷ್ಟಿಗಾಗಿ ಹೇಳಿದುದನ್ನು ರೋಗಚಿಕಿತ್ಸೆಯ ವಚನವೆಂದು ಎತ್ತಿ ತೋರಿಸುವುದು ಗ್ರಂಥಕರ್ತರಿಗೆ ಗೌರವವಾಗದು.

೪. ರೋಗಕಾರಣದ ಶೋಧನೆ

ಬೇರುರೋಗದ ಕಾರಣವು ತಿಳಿದುಬಂದುದು ಕ್ರಮಕ್ರಮವಾಗಿ. ೧೮೭೬ರಲ್ಲಿ ಜರ್ಮನಿಯ ಡಿ ಬಾರಿ ಎಂಬ ವಿದ್ವಾಂಸನು ಆಲೂಗೆಡ್ಡೆಯ ಅಂಗಮಾರಿಯನ್ನುಂಟುಮಾಡುವ ಜೀವಿಗೆ ಫೈಟಾಫ್ತೊರ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸಸ್ಯನಾಶಕವೆಂದರ್ಥ. ಭಾರತದಲ್ಲಿ ಈ ವಿದ್ಯೆಗೆ ತಳಹದಿಯನ್ನು ಹಾಕಿದವರು ಬಿಹಾರದ ಪೂಸಾ ಸಂಶೋಧನಾಲಯದಲ್ಲಿದ್ದ ಎಡ್ವಿನ್ ಜಾನ್ ಬಟ್ಲರ್ ಅವರು. ಅವರು ೧೯೦೭ರಲ್ಲಿ ಪಿಥಿಯಂ ಕುಲದ ಮೇಲೆ ಪ್ರಬಂಧವನ್ನೂ ೧೯೧೮ರಲ್ಲಿ ಸಸ್ಯರೋಗಗಳ ಬೃಹದ್ಗ್ರಂಥವನ್ನೂ ಪ್ರಕಟಿಸಿದರು. ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವು ಫೈಟಾಫ್ತೊರದ ಒಂದು ಪ್ರಭೇದದಿಂದ ಬರುವುದೆಂದು ೧೯೧೦ರಲ್ಲಿ ತಿಳಿಸಿದರು. ಮೆಣಸಿನ ಗಿಡವನ್ನು ಕೊಲ್ಲುವ ಪ್ರಭೇದವನ್ನು ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಕಂಡು, ೧೯೨೨ರಲ್ಲಿ ಅದಕ್ಕೆ ಫೈಟಾಫ್ತೊರ ಕ್ಯಾಪ್ಸಿಸಿ ಎಂದು ನಾಮಕರಣ ಮಾಡಿದವನು ಲಿಯೋನಿಯನ್.

ಇಲ್ಲಿ ಒಂದು ಸ್ವಾರಸ್ಯವುಂಟು. ಕರಿಮೆಣಸಿನ ಬಳ್ಳಿಯನ್ನು ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಕೊಲ್ಲುವ ಶೀಘ್ರ ಸೊರಗುರೋಗವನ್ನು ಮೊದಲು ಫೈಟಾಫ್ತೊರದ ಬೇರೊಂದು ಪ್ರಭೇದದಿಂದ ಬರುವುದೆಂದು ಎಣಿಸಿದ್ದರು. ಮುಂದಿನ ಪರಿಶೀಲನೆಯಲ್ಲಿ ಅದಕ್ಕೂ ಕ್ಯಾಪ್ಸಿಸಿಯೇ ಮುಖ್ಯ ಕಾರಣವೆಂದು ಗೊತ್ತಾಯಿತು. ಒಂದೇ ಹೆಸರನ್ನು ಹಂಚಿಕೊಂಡ ಹಳೆಯ ಮತ್ತು ಹೊಸ ಮೆಣಸುಗಳಿಗೆ ಶತ್ರುವೂ ಒಂದೇ ಆಯಿತು.

ಆದರೆ ಮೆಣಸಿನ ಗಿಡದ ಬೇರಿಗೆ ಶತ್ರು ಒಬ್ಬನೇ ಅಲ್ಲ. ಒಟ್ಲುಪಾತಿಯಲ್ಲಿ ಎಳೆಯ ಸಸಿಯ ಬುಡವನ್ನು ಕೊಳೆಯಿಸಿ ಮಲಗಿಸುವುದು ಪಿಥಿಯಂ. ಬೆಳೆದ ಗಿಡದ ರಸನಾಳಗಳನ್ನು ಹೊಕ್ಕು ಸೊರಗಿಸುವುದು ಫ್ಯುಸೇರಿಯಂ. ಬುಡದಲ್ಲಿ ಬಿಳಿಯ ನೂಲಿನಂತೆ ಹಬ್ಬಿ ಸಾಸಿವೆಕಾಳಿನಂತಹ ಗುಂಡುಗಳನ್ನು ಬಿಡುವುದು ಸ್ಕ್ಲೆರೋಷಿಯಂ. ಬೇರಿನಲ್ಲಿ ಗಂಟುಗಳನ್ನುಂಟುಮಾಡುವ ಸೂಕ್ಷ್ಮ ಜಂತುಹುಳುಗಳು ಬೇರೆ. ಇವುಗಳಲ್ಲಿ ಫೈಟಾಫ್ತೊರ ಮತ್ತು ಪಿಥಿಯಂಗಳು ನಿಜವಾದ ಶಿಲೀಂಧ್ರಗಳಲ್ಲ. ಅವುಗಳ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಆದುದರಿಂದಲೇ ನೀರು ನಿಂತ ನೆಲದಲ್ಲಿ ರೋಗವು ಬೇಗನೆ ಹರಡುವುದು. ಶಿಲೀಂಧ್ರಗಳ ಜೀವಕೋಶದ ಗೋಡೆಯಲ್ಲಿರುವಷ್ಟು ಕೈಟಿನ್ ಎಂಬ ವಸ್ತುವು ಇವುಗಳಲ್ಲಿ ಇಲ್ಲ. ಬಹುಭಾಗ ಗ್ಲೂಕನ್ನು, ಸೆಲ್ಯುಲೋಸುಗಳಿಂದ ಆದುದು. ಹೀಗಾಗಿ ಒಂದಕ್ಕೆ ತಾಗುವ ಮದ್ದು ಇನ್ನೊಂದಕ್ಕೆ ತಾಗದೆ ಹೋಗಬಹುದು.

೫. ಸಂಸ್ಕಾರವು ಫಲಿಸುವ ನಾಲ್ಕು ಬಗೆ

ಗೊಬ್ಬರವು ಗಿಡಕ್ಕೆ ಆಹಾರವೆಂಬುದು ಹಳೆಯ ತಿಳಿವಳಿಕೆ. ಅದು ಮಣ್ಣಿನೊಳಗಿನ ಅಸಂಖ್ಯಾತ ಜೀವಿಗಳಿಗೂ ಆಹಾರವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ದೃಢಪಟ್ಟಿತು. ೧೯೨೬ರಲ್ಲಿ ಕೆನಡಾದ ಸ್ಯಾನ್‌ಫರ್ಡ್ ಎಂಬವನು, ಹಸುರೆಲೆಯನ್ನು ಮಣ್ಣಿಗೆ ಸೇರಿಸಿದಾಗ ಆಲೂಗೆಡ್ಡೆಯ ಕಜ್ಜಿರೋಗವು ಕಡಮೆಯಾಗುವುದಕ್ಕೆ ಇತರ ಸೂಕ್ಷ್ಮಜೀವಿಗಳ ಪ್ರತಿರೋಧವೇ ಕಾರಣವಿರಬೇಕೆಂದು ಸೂಚಿಸಿದನು. ೧೯೩೨ರಲ್ಲಿ ವೈಂಡ್ಲಿಂಗನು ಟ್ರೈಕೊಡರ್ಮ ಎಂಬ ಹಸುರು ಬೂಷ್ಟು ರೋಗಕಾರಕ ಶಿಲೀಂಧ್ರದ ಎಳೆಗಳನ್ನು ಸುತ್ತಿ ತಿನ್ನುವುದನ್ನು ವಿವರಿಸಿದನು. ೧೯೩೭ರಲ್ಲಿ ಹವಾಯಿ ದ್ವೀಪದಲ್ಲಿ ಲಿನ್‌ಫರ್ಡನು, ಅನಾನಸಿನ ಕೊಚ್ಚಿದ ಎಲೆಗಳನ್ನು ಮಣ್ಣಿಗೆ ಸೇರಿಸಿದಾಗ ಜಂತುಹುಳುಗಳ ಶತ್ರುಗಳು ಚುರುಕಾಗುವುದನ್ನು ವರದಿಮಾಡಿದನು. ಮಣ್ಣಿನಲ್ಲಿ ರೋಗಿಯ ಪಕ್ಷವೂ ರೋಗದ ಪಕ್ಷವೂ ಇರುವುವು. ಸಂಸ್ಕಾರವು ಮೊದಲನೆಯದಕ್ಕೆ ಬಲವನ್ನು ಕೊಡುವುದು. ಇದು ಮೊದಲನೆಯ ಬಗೆ.

ಎರಡನೆಯದು ಉಪವಾಸ. ೧೯೫೩ರಲ್ಲಿ ಡಾಬ್ಸ್ ಮತ್ತು ಹಿನ್ಸನ್ ಎಂಬವರು, ಜೀವಂತವಾದ ಮಣ್ಣಿನಲ್ಲಿ ಶಿಲೀಂಧ್ರಗಳ ಬೀಜಾಣುಗಳು ಸಾಮಾನ್ಯವಾಗಿ ಮೊಳೆಯದೆ ಮಲಗಿರುವುವೆಂದು ತೋರಿಸಿದರು. ಮಣ್ಣಿನ ಇತರ ಜೀವಿಗಳು ಆಹಾರವನ್ನು ಮೊದಲೇ ಮುಗಿಸುವುದು ಇದಕ್ಕೆ ಒಂದು ಕಾರಣ. ಚೆನ್ನಾಗಿ ಕಳಿತ ಗೊಬ್ಬರವಿದ್ದ ನೆಲದಲ್ಲಿ ಇಂತಹ ಜೀವಿಗಳು ನಿಬಿಡವಾಗಿರುವುವು. ೧೯೭೦ರ ದಶಕದಲ್ಲಿ ಅಮೆರಿಕದ ಓಹೈಯೋವಿನಲ್ಲಿ ಹಾಯ್ಟಿಂಕನು ಕಳಿತ ಮರದ ತೊಗಟೆಯನ್ನು ಕುಂಡಗಳಲ್ಲಿ ಬಳಸಿ ಫೈಟಾಫ್ತೊರದ ಬೇರುಕೊಳೆಯನ್ನು ತಗ್ಗಿಸಿದುದು ಈ ಮಾರ್ಗದ ಒಂದು ನಿದರ್ಶನ.

ಮೂರನೆಯದು ವಿಷವಾಯು. ಹಿಂಡಿ, ಕೋಳಿಗೊಬ್ಬರ ಮುಂತಾದ ಸಾರಜನಕಭರಿತ ದ್ರವ್ಯಗಳು ಕೊಳೆಯುವಾಗ ಅಮೋನಿಯವೂ, ಆಮ್ಲಗುಣದ ನೆಲದಲ್ಲಿ ನೈಟ್ರಸ್ ಆಮ್ಲವೂ ಹುಟ್ಟಿ ರೋಗಾಣುಗಳನ್ನು ಕೊಲ್ಲಬಲ್ಲುವು. ಫೈಟಾಫ್ತೊರದ ವಿಷಯದಲ್ಲಿ ಇದನ್ನು ೧೯೮೧ರಲ್ಲಿ ಟ್ಸಾವೊ ಮತ್ತು ಆಸ್ಟರ್ ಎಂಬವರು ಪ್ರತಿಪಾದಿಸಿದರು. ನಾಲ್ಕನೆಯದು ನೆಲದ ರಚನೆ. ಜೀವಾಂಶವಿರುವ ಮಣ್ಣು ಹುಡಿಯಾಗಿದ್ದು ಹೆಚ್ಚಿನ ನೀರನ್ನು ಬಸಿದುಬಿಡುವುದು. ಈಜುವ ಬೀಜಾಣುಗಳಿಗೆ ದಾರಿ ತಪ್ಪುವುದು. ಮೆತುವಾದ ನೆಲವು ಹಿತವೆಂದ ವರಾಹಮಿಹಿರನ ಮಾತಿಗೂ ಇದಕ್ಕೂ ಹೊಂದಿಕೆಯಿದೆ. ಆದರೆ ಕಾರಣವನ್ನು ಹೇಳಿದವರು ಇತ್ತೀಚಿನವರು.

ಮೆಣಸಿನ ಬೆಳೆಯಲ್ಲಿಯೇ ಈ ಸಂಸ್ಕಾರವು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲ್ಪಟ್ಟುದು ಸ್ಪೇನ್ ದೇಶದ ಮುರ್ಸಿಯ ಪ್ರಾಂತದ ಕಾರ್ತಹೇನ ಬಯಲಿನಲ್ಲಿ. ಅಲ್ಲಿನ ಹೊದಿಕೆಯ ಮನೆಗಳಲ್ಲಿ ದಪ್ಪ ಮೆಣಸಿನಕಾಯಿಯನ್ನೇ ವರ್ಷವರ್ಷವೂ ಬೆಳೆಯುತ್ತಿದ್ದುದರಿಂದ ಫೈಟಾಫ್ತೊರವೂ ಬೇರುಗಂಟಿನ ಜಂತುಹುಳುವೂ ನೆಲೆಯೂರಿದುವು. ಒಕ್ಕಲಿಗರು ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ನೆಲವನ್ನು ಶುದ್ಧಿಮಾಡುತ್ತಿದ್ದರು. ಆ ಅನಿಲವು ಮೇಲಣ ವಾಯುಮಂಡಲದ ಓಜೋನ್ ಪದರವನ್ನು ಕೆಡಿಸುವುದೆಂದು ತಿಳಿದ ಬಳಿಕ, ೧೯೮೭ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ೧೯೯೨ರಲ್ಲಿ ಅದನ್ನು ಸೇರಿಸಿದರು. ಮುಂದುವರಿದ ದೇಶಗಳು ೨೦೦೫ರೊಳಗೂ ಇತರ ದೇಶಗಳು ೨೦೧೫ರೊಳಗೂ, ವಿಶೇಷ ವಿನಾಯಿತಿಗಳನ್ನುಳಿದು, ಅದರ ಬಳಕೆಯನ್ನು ಬಿಡಬೇಕಾಯಿತು. ಮುರ್ಸಿಯದ ಸಂಶೋಧಕರು ಕುರಿಯ ಮತ್ತು ಕೋಳಿಯ ಹಸಿ ಗೊಬ್ಬರವನ್ನು ಮಣ್ಣಿಗೆ ಸೇರಿಸಿ, ನೀರು ಕೊಟ್ಟು, ಬೇಸಗೆಯ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವ ಕ್ರಮವನ್ನು ಅದರ ಸ್ಥಾನದಲ್ಲಿ ಪ್ರಯೋಗಿಸಿದರು. ಬಿಸಿಲಿನಿಂದ ನೆಲವನ್ನು ಕಾಯಿಸುವ ವಿಧಾನವನ್ನು ೧೯೭೬ರಲ್ಲಿ ಇಸ್ರೇಲಿನ ಕಟಾನ್ ಮತ್ತು ಅವನ ಸಹೋದ್ಯೋಗಿಗಳು ಪ್ರಕಟಿಸಿದ್ದರು. ಕಾವು, ಅಮೋನಿಯ, ಪ್ರತಿಪಕ್ಷಿಗಳ ವೃದ್ಧಿ ಈ ಮೂರೂ ಅಲ್ಲಿ ಕೂಡಿದುವು. ಒಂದು ವರ್ಷದ ಸಂಸ್ಕಾರಕ್ಕಿಂತ ಹಲವು ವರ್ಷಗಳ ಪುನರಾವೃತ್ತಿಯಿಂದ ಫಲವು ಸ್ಥಿರವಾಗುವುದು ಕಂಡುಬಂದಿತು. ಕೌಟಿಲ್ಯನ ಗುಂಡಿ ಸುಡುವ ವಿಧಿಯೂ ಎಲುಬು ಸಗಣಿಗಳ ದೌಹೃದವೂ ಇಲ್ಲಿ ನೆನಪಿಗೆ ಬರುವುದು ಸಹಜ. ಆದರೆ ಸ್ಪೇನಿನವರು ಅದನ್ನು ಓದಿ ಮಾಡಿದರೆಂದಾಗಲಿ, ಕೌಟಿಲ್ಯನು ಫೈಟಾಫ್ತೊರವನ್ನು ಅರಿತಿದ್ದನೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ. ಎರಡು ಕಾಲಗಳ ಕೃಷಿಕರು ಬೇರೆ ಬೇರೆ ದಾರಿಯಿಂದ ಸದೃಶವಾದ ಕ್ರಿಯೆಗೆ ಬಂದರು ಎಂಬಷ್ಟೇ ಹೇಳತಕ್ಕದ್ದು.

೬. ದೋಷದ ವಿಚಾರ

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳದಿದ್ದರೆ ವಿಚಾರವು ಅಪೂರ್ಣ. ಇಟಲಿಯ ಬೊನನೋಮಿ ಮತ್ತು ಸಂಗಡಿಗರು ಅದುವರೆಗೆ ಪ್ರಕಟವಾಗಿದ್ದ ಸುಮಾರು ೨,೪೦೦ ಪ್ರಯೋಗಸಂದರ್ಭಗಳನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ವಿಮರ್ಶಿಸಿದರು. ಜೀವಜನ್ಯ ದ್ರವ್ಯಗಳಿಂದ ನೂರಕ್ಕೆ ೪೫ ಸಂದರ್ಭಗಳಲ್ಲಿ ಮಣ್ಣಿನ ರೋಗವು ತಗ್ಗಿತ್ತು. ೩೫ರಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಉಳಿದ ೨೦ರಲ್ಲಿ ರೋಗವು ಹೆಚ್ಚಿತು. ಐದರಲ್ಲಿ ಒಂದು ಸಲ ಮದ್ದೇ ವ್ಯಾಧಿಯನ್ನು ಬೆಳೆಸಿತೆಂಬುದು ಸಾಮಾನ್ಯವಾದ ಮಾತಲ್ಲ.

ಇದಕ್ಕೆ ಕಾರಣವು ಅಗೋಚರವಾದುದಲ್ಲ. ಪಿಥಿಯಂ, ರೈಜೋಕ್ಟೋನಿಯ ಮುಂತಾದುವು ಸತ್ತ ಹಸಿ ಸಸ್ಯಭಾಗಗಳನ್ನೂ ತಿಂದು ಬದುಕಬಲ್ಲವು. ಹಸುರೆಲೆಯನ್ನು ಉತ್ತ ಕೂಡಲೇ ಸಸಿಯನ್ನು ನೆಟ್ಟರೆ, ಪ್ರತಿಪಕ್ಷಿಗಳು ಬೆಳೆಯುವುದಕ್ಕೆ ಮೊದಲೇ ಇವು ಹಬ್ಬಿ ಸಸಿಯನ್ನು ಹಿಡಿಯುವುವು. ಎರಡು ಮೂರು ವಾರಗಳ ಬಿಡುವು ಕೊಟ್ಟರೆ ಈ ಭಯವು ಬಹುಮಟ್ಟಿಗೆ ತಗ್ಗುವುದು. ಅಮೋನಿಯವು ರೋಗಾಣುವನ್ನು ಕೊಲ್ಲುವಂತೆ ಎಳೆಯ ಬೇರನ್ನೂ ಸುಡಬಲ್ಲುದು. ಸೀಗಡಿ ಏಡಿಗಳ ಚಿಪ್ಪಿನ ಪುಡಿಯಿಂದ ಕೈಟಿನ್ ತಿನ್ನುವ ಜೀವಿಗಳು ಹೆಚ್ಚಿ ಫ್ಯುಸೇರಿಯಂ ತಗ್ಗಬಹುದು. ಗೋಡೆಯ ದ್ರವ್ಯವೇ ಬೇರೆಯಾದ ಫೈಟಾಫ್ತೊರಕ್ಕೆ ಅದರಿಂದ ಅಷ್ಟು ಬಾಧೆಯಿಲ್ಲ. ರೋಗದ ಗಿಡಗಳನ್ನೇ ತಿಪ್ಪೆಗೆ ಎಸೆದು, ತಿಪ್ಪೆಯು ಕಾವೇರಿ ಕಳಿಯುವ ಮೊದಲೇ ಹೊಲಕ್ಕೆ ಹಾಕಿದರೆ ರೋಗಬೀಜವನ್ನು ತಾನೇ ಬಿತ್ತಿದಂತೆ. ನೀರು ನಿಲ್ಲುವ ತಗ್ಗುನೆಲದಲ್ಲಿ ಏರುಮಡಿಯನ್ನು ಮಾಡದೆ ಹಿಂಡಿಯನ್ನು ಮಾತ್ರ ಹಾಕುವುದು ವ್ಯರ್ಥ.

ಹೀಗಿರಲು ದ್ರವ್ಯ, ಮಾತ್ರೆ, ಕಾಲ, ದೇಶ, ವ್ಯಾಧಿ ಇವೈದನ್ನೂ ವಿಚಾರಿಸದೆ ಸಾವಯವವೆಂಬ ಹೆಸರೊಂದನ್ನೇ ನಂಬುವುದು ಯುಕ್ತವಲ್ಲ. ಮನುಷ್ಯರ ಆಯುರ್ವೇದದಲ್ಲಿಯೂ ದೇಶಕಾಲಗಳನ್ನೂ ಮಾತ್ರೆಯನ್ನೂ ನೋಡದೆ ಕೊಟ್ಟ ಔಷಧವನ್ನು ಯಾರೂ ಔಷಧವೆನ್ನುವುದಿಲ್ಲ.

೭. ಸಿದ್ಧಾಂತ

ಮೇಲ್ಕಂಡ ಅಂಶಗಳಿಂದ ನಿಷ್ಪನ್ನವಾಗುವುದು ಇಷ್ಟು. ಮೆಣಸಿನ ಗಿಡವು ಈ ದೇಶಕ್ಕೆ ಹೊಸದು. ಅದರ ಬೇರುರೋಗದ ಚಿಕಿತ್ಸೆಯು ಪ್ರಾಚೀನ ಗ್ರಂಥಗಳಲ್ಲಿ ಇಲ್ಲ. ಆದರೆ ನೆಡುವುದಕ್ಕೆ ಮೊದಲು ಮಣ್ಣಿಗೆ ಸಂಸ್ಕಾರವಾಗಬೇಕು, ಮಣ್ಣನ್ನು ಉಣಿಸಿದರೆ ಗಿಡವು ಬಾಳುವುದು ಎಂಬ ಮೂಲತತ್ತ್ವವು ಕೌಟಿಲ್ಯ, ವರಾಹಮಿಹಿರ, ಸುರಪಾಲರ ಪರಂಪರೆಯಲ್ಲಿ ದೃಢವಾಗಿದೆ. ಅದು ಏಕೆ, ಯಾವಾಗ, ಯಾವ ರೋಗದಲ್ಲಿ ಫಲಿಸುವುದು, ಎಲ್ಲಿ ಕೆಡುವುದು ಎಂಬುದನ್ನು ತೋರಿಸಿಕೊಟ್ಟುದು ಇಪ್ಪತ್ತನೆಯ ಶತಮಾನದಿಂದೀಚಿನ ಪ್ರಯೋಗಶಾಸ್ತ್ರ. ಮೊದಲನೆಯದನ್ನು ತಿರಸ್ಕರಿಸುವವನು ಬಹುಕಾಲದ ಅನುಭವವನ್ನು ಕಳೆದುಕೊಳ್ಳುವನು. ಎರಡನೆಯದನ್ನು ತಿರಸ್ಕರಿಸುವವನು ಐದರಲ್ಲಿ ಒಂದು ಪಾಲಿನ ಅಪಾಯವನ್ನು ಒಕ್ಕಲಿಗನ ತಲೆಯ ಮೇಲೆ ಹೊರಿಸುವನು.

ಕೃಷಿಕನ ಮಟ್ಟಿಗೆ ಇದರ ಸಾರವು ದುಷ್ಕರವಾದುದಲ್ಲ. ನೀರು ಬಸಿದುಹೋಗುವಂತೆ ಮಡಿಯನ್ನು ಏರಿಸುವುದು. ಕಾವೇರಿ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕುವುದು. ಹಸುರೆಲೆಯನ್ನೂ ಹಿಂಡಿಯನ್ನೂ ನಾಟಿಗೆ ಎರಡು ಮೂರು ವಾರಗಳ ಮುಂಚೆಯೇ ಸೇರಿಸುವುದು. ಟ್ರೈಕೊಡರ್ಮವನ್ನು ಬರಿದಾಗಿ ಎರಚದೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆಳೆಯಿಸಿ ಕೊಡುವುದು. ಸತ್ತ ಗಿಡವನ್ನು ಬೇರುಸಹಿತ ಕಿತ್ತು ಹೊಲದಿಂದ ಹೊರಗೆ ಸುಡುವುದು. ಮೊದಲು ಒಂದು ಮಡಿಯಲ್ಲಿ ಮಾಡಿ ಸಂಸ್ಕಾರವಿಲ್ಲದ ಮಡಿಯೊಡನೆ ಹೋಲಿಸಿ ನೋಡಿ ಆಮೇಲೆ ಹೊಲಕ್ಕೆಲ್ಲ ವಿಸ್ತರಿಸುವುದು. ಈ ಕೊನೆಯ ಹೋಲಿಕೆಯಲ್ಲಿ ತನ್ನ ನೆಲದ ಮಟ್ಟಿಗೆ ಪ್ರತ್ಯಕ್ಷಪ್ರಮಾಣವು ಒಕ್ಕಲಿಗನಿಗೆ ತಾನೇ ದೊರೆಯುವುದು.